ಅಂತರರಾಷ್ಟ್ರೀಯ ಶಾಲೆ: ಹೆಸರು ಮತ್ತು ಪರೀಕ್ಷೆ

‘ಅಂತರರಾಷ್ಟ್ರೀಯ’ ಎಂಬ ವಿಶೇಷಣವನ್ನು ಹೊತ್ತ ಶಾಲೆಗಳು ಇಂದು ನಮ್ಮ ಮಹಾನಗರಗಳಲ್ಲಿ ಮಾತ್ರವಲ್ಲದೆ ಜಿಲ್ಲಾ ಕೇಂದ್ರಗಳಲ್ಲಿಯೂ ಕಾಣಬರುತ್ತಿವೆ. ಇವುಗಳಲ್ಲಿ ಯಾವುದಕ್ಕೆ ಮಕ್ಕಳನ್ನು ಸೇರಿಸಬೇಕೆಂದು ಪೋಷಕರು ಕಾಲೇಜಿನ ಅಧ್ಯಾಪಕರನ್ನು ಕೇಳುವುದುಂಟು. ಅವರು ಬಹುಮಟ್ಟಿಗೆ ಹೋಲಿಸಿ ನೋಡಿರುವುದು ಕಟ್ಟಡವನ್ನು, ಆಟದ ಬಯಲನ್ನು, ಶುಲ್ಕವನ್ನು. ಆದರೆ ಈ ವಿಶೇಷಣಕ್ಕೆ ಒಂದು ಇತಿಹಾಸವಿದೆ. ಅದನ್ನು ಅರಿತರೆ ಹೋಲಿಸಬೇಕಾದ ಸಂಗತಿ ಬೇರೆಯದೆಂಬುದು ವಿಶದವಾಗುತ್ತದೆ.

ಮೊದಲನೆಯ ಮಹಾಯುದ್ಧದ ಅನಂತರ ಲೀಗ್ ಆಫ್ ನೇಷನ್ಸ್ ಎಂಬ ರಾಷ್ಟ್ರಸಂಘಕ್ಕೆ ಜಿನೀವಾ ನಗರವು ಕೇಂದ್ರವಾಯಿತು. ಆ ಸಂಘದ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಧಿಕಾರಿಗಳು, ಶಿಕ್ಷಣತಜ್ಞ ಅಡೋಲ್ಫ್ ಫೆರಿಯೇರ್ ಮೊದಲಾದವರ ನೆರವಿನಿಂದ, 1924ರಲ್ಲಿ ತಮ್ಮ ಮಕ್ಕಳಿಗಾಗಿ ಅಲ್ಲೊಂದು ಶಾಲೆಯನ್ನು ತೆರೆದರು. ನಾನಾ ದೇಶಗಳ ಮಕ್ಕಳು ಒಂದೇ ಸೂರಿನಡಿ ಕಲಿಯುವುದೇ ಅದರ ‘ಅಂತರರಾಷ್ಟ್ರೀಯತೆ’ಯಾಗಿದ್ದಿತು. ಕೆಳಗಿನ ತರಗತಿಗಳಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ. ತೊಡಕು ಉಂಟಾದುದು ಮೇಲಿನ ತರಗತಿಗಳಲ್ಲಿ. ಸ್ವಿಸ್ ಪರೀಕ್ಷೆಗೆ ಕೆಲವರು, ಫ್ರೆಂಚ್ ಬಕಲಾರಿಯೆಟ್‌ಗೆ ಕೆಲವರು, ಇಂಗ್ಲಿಷ್ ಪರೀಕ್ಷೆಗೆ ಕೆಲವರು, ಅಮೆರಿಕದ ಕಾಲೇಜು ಪ್ರವೇಶಕ್ಕೆ ಇನ್ನು ಕೆಲವರು ಎಂದು, ಒಟ್ಟಿಗೆ ಬೆಳೆದ ಮಕ್ಕಳೇ ಬೇರೆ ಬೇರೆ ಕೊಠಡಿಗಳಿಗೆ ಹಂಚಿಹೋಗಬೇಕಾಗುತ್ತಿತ್ತು. ಒಂದು ಕೊಠಡಿಯಲ್ಲಿ ನೆಪೋಲಿಯನ್ ನವಯುಗದ ನಿರ್ಮಾಪಕನೂ ಪಕ್ಕದ ಕೊಠಡಿಯಲ್ಲಿ ಆಕ್ರಮಣಕಾರನೂ ಆಗಿ ತೋರುವ ಸಂಭವವನ್ನು ಇತಿಹಾಸದ ಅಧ್ಯಾಪಕರು ಸುಲಭವಾಗಿ ಊಹಿಸಬಲ್ಲರು. 1857ರ ಘಟನೆಗಳನ್ನು ‘ದಂಗೆ’ ಎನ್ನಬೇಕೆ ‘ಸಂಗ್ರಾಮ’ ಎನ್ನಬೇಕೆ ಎಂಬ ಚರ್ಚೆಯನ್ನು ಬಲ್ಲ ನಮಗೆ ಇದು ಅಪರಿಚಿತವಾದುದೇನಲ್ಲ.

ಆದುದರಿಂದ ಯಾವ ಒಂದು ರಾಷ್ಟ್ರಕ್ಕೂ ಸೇರದ ಪರೀಕ್ಷೆಯೊಂದರ ಯೋಚನೆಯು ಸಮಾಜ ವಿಷಯಗಳ ಅಧ್ಯಾಪಕರಿಂದಲೇ ಹೊರಟಿತೆಂಬುದು ಗಮನಾರ್ಹ. 1962ರಲ್ಲಿ ಜಿನೀವಾದಲ್ಲಿ ಸೇರಿದ ಅವರ ಸಮ್ಮೇಳನದಲ್ಲಿ ಈ ವಿಚಾರವು ರೂಪುಗೊಂಡು, ಸಮಕಾಲೀನ ಇತಿಹಾಸದ ಪಠ್ಯಕ್ರಮದಿಂದ ಕೆಲಸವು ಮೊದಲಾಯಿತು. 1968ರಲ್ಲಿ ಇಂಟರ್‌ನ್ಯಾಷನಲ್ ಬಕಲಾರಿಯೆಟ್ ಸಂಸ್ಥೆಯು ಜಿನೀವಾದಲ್ಲಿಯೇ ಸ್ಥಾಪಿತವಾಯಿತು.

ಇತರ ಶಾಲೆಗಳು ಬೇರೆ ದಾರಿಗಳಿಂದ ಬಂದವು. ಕೊಡೈಕೆನಾಲಿನ ಶಾಲೆಯು 1901ರಲ್ಲಿ ಅಮೆರಿಕದ ಮಿಷನರಿಗಳ ಮಕ್ಕಳಿಗಾಗಿ ಹುಟ್ಟಿದುದು. ಅದು 1976ರಲ್ಲಿ ಈ ಬಕಲಾರಿಯೆಟ್ ಪರೀಕ್ಷೆಯನ್ನು ಭಾರತಕ್ಕೆ ಮೊದಲು ತಂದಿತು. ಕೇಂಬ್ರಿಜ್ ಪರೀಕ್ಷೆಗಳಾದರೋ ಸಾಮ್ರಾಜ್ಯದ ಹಾದಿಯನ್ನು ಹಿಡಿದು ಹರಡಿದಂಥವು. 1858ರಲ್ಲಿ ಇಂಗ್ಲೆಂಡಿನ ಶಾಲೆಗಳಿಗಾಗಿ ಏರ್ಪಟ್ಟ ಅವು ಆರು ವರ್ಷಗಳೊಳಗಾಗಿ ಟ್ರಿನಿಡಾಡನ್ನು ಮುಟ್ಟಿದ್ದವು. ಈಗ ಪ್ರಚಾರದಲ್ಲಿರುವ ಐಜಿಸಿಎಸ್‌ಇ ಪರೀಕ್ಷೆಯು 1988ರಿಂದ ಈಚಿನದು. ಇವೆರಡರ ಗೊಡವೆಯೇ ಇಲ್ಲದೆ, ಕೇಂದ್ರ ಮಂಡಲಿಯ ಸಿಬಿಎಸ್‌ಇ ಪಠ್ಯವನ್ನೇ ಕಲಿಸುತ್ತ ಹೆಸರಿನಲ್ಲಿ ಮಾತ್ರ ಅಂತರರಾಷ್ಟ್ರೀಯವಾಗಿರುವ ಶಾಲೆಗಳೂ ಹಲವಿವೆ. ಅದು ದೋಷವಲ್ಲ, ಆದರೆ ಹೆಸರಿಗಾಗಿ ಹೆಚ್ಚಿನ ಶುಲ್ಕವನ್ನು ತೆರುವವರು ಇದನ್ನು ತಿಳಿದು ತೆರುವುದು ಲೇಸು.

ಹೀಗಿರಲಾಗಿ ಪೋಷಕರು ಮೊದಲು ಕೇಳಬೇಕಾದುದು, ಶಾಲೆಯು ಮಗುವನ್ನು ಯಾವ ಪರೀಕ್ಷೆಗೆ ಕೂಡಿಸುವುದೆಂಬುದನ್ನು. ಬಕಲಾರಿಯೆಟ್ ಡಿಪ್ಲೊಮಾದಲ್ಲಿ ವಿದ್ಯಾರ್ಥಿಯು ಆರು ವಿಷಯಗಳನ್ನು ಓದಬೇಕು. ಒಂದೊಂದಕ್ಕೆ 7 ಅಂಕಗಳು. ನಾಲ್ಕು ಸಾವಿರ ಪದಗಳನ್ನು ಮೀರದ ಸಂಶೋಧನ ಪ್ರಬಂಧ ಮತ್ತು ಜ್ಞಾನದ ಸ್ವರೂಪವನ್ನು ಕುರಿತ ವ್ಯಾಸಂಗ, ಇವೆರಡಕ್ಕೂ ಕೂಡಿ 3, ಒಟ್ಟು 45. ಕಾಲೇಜಿಗೆ ಬಂದ ಮೇಲೂ ಪ್ರಬಂಧವೆಂದರೆ ಅಂಜುವ ನಮ್ಮ ವಿದ್ಯಾರ್ಥಿಗಳನ್ನು ನೆನೆದಾಗ ಈ ಏರ್ಪಾಡು ನಮಗೆ ಬಹಳ ಮೆಚ್ಚಿಗೆಯಾಗುತ್ತದೆ. ಆದರೆ ಆರು ಗುಂಪುಗಳ ಈ ನಿಯಮದಲ್ಲಿ ಕಲೆಯ ಬದಲು ಎರಡನೆಯ ವಿಜ್ಞಾನ ವಿಷಯವನ್ನು ಆರಿಸಬಹುದೇ ಹೊರತು ಮೂರನೆಯದಕ್ಕೆ ಸಾಮಾನ್ಯವಾಗಿ ಎಡೆಯಿಲ್ಲ. ಭೌತ, ರಸಾಯನ, ಜೀವ ವಿಜ್ಞಾನಗಳು ಮೂರೂ ಬೇಕಾಗುವ ವೈದ್ಯಕೀಯ ಪ್ರವೇಶವನ್ನು ಭಾರತದಲ್ಲಿ ಬಯಸುವವನಿಗೆ ಇದು ಸಣ್ಣ ತೊಡಕಲ್ಲ. ಕೇಂಬ್ರಿಜ್ ಎ ಲೆವೆಲ್‌ನಲ್ಲಿ ಇಂಥ ಗುಂಪುಗಳ ಕಟ್ಟಿಲ್ಲವಾದ್ದರಿಂದ ಮೂರನ್ನೂ ಓದಬಹುದು. ಆದರೆ ಅಲ್ಲಿ ಸಾಹಿತ್ಯ, ಇತಿಹಾಸಗಳನ್ನು ಪೂರ್ತಿಯಾಗಿ ತೊರೆಯುವುದೂ ಸಾಧ್ಯ. ಐಜಿಸಿಎಸ್‌ಇ ಎಂಬುದು ಹತ್ತನೆಯ ತರಗತಿಯ ಮಟ್ಟದ್ದು. ಅಲ್ಲಿಗೇ ಪಾಠ ನಿಲ್ಲಿಸುವ ಶಾಲೆಯಲ್ಲಿ ಮುಂದಿನ ಎರಡು ವರ್ಷಗಳ ಯೋಚನೆಯನ್ನು ಪೋಷಕರೇ ಮಾಡಬೇಕು. ಶಾಲೆಯು ಬಕಲಾರಿಯೆಟ್ ಸಂಸ್ಥೆಯ ಅನುಮತಿಯನ್ನು ಪಡೆದಿದೆಯೇ, ಇನ್ನೂ ಅಭ್ಯರ್ಥಿಯೇ ಎಂಬುದನ್ನೂ ವಿಚಾರಿಸಬೇಕು. ಅಭ್ಯರ್ಥಿ ಶಾಲೆಗೆ ಅನುಮತಿ ದೊರೆತೇ ತೀರುವುದೆಂಬ ಭರವಸೆಯಿಲ್ಲ.

ಭಾಷೆಯ ವಿಷಯವನ್ನು ಕೇಳುವವರು ಕಡಮೆ. ಜಿನೀವಾದ ಮೊದಲ ಶಾಲೆಯು ಫ್ರೆಂಚ್ ಇಂಗ್ಲಿಷ್‌ಗಳೆರಡರಲ್ಲಿ ಪಾಠ ನಡೆಸಿತು. ಒಂದೇ ಭಾಷೆಯ ಶಾಲೆಯನ್ನು ಅದರ ಸ್ಥಾಪಕರು ಅಂತರರಾಷ್ಟ್ರೀಯವೆಂದು ಒಪ್ಪುತ್ತಿದ್ದರೋ ಇಲ್ಲವೋ! ಅಂತೆಯೇ ಡಿಪ್ಲೊಮಾದಲ್ಲಿ, ಕಲಿಸುವ ಅಧ್ಯಾಪಕರಿಲ್ಲದಿದ್ದರೂ ವಿದ್ಯಾರ್ಥಿಯು ತನ್ನ ಮಾತೃಭಾಷೆಯ ಸಾಹಿತ್ಯವನ್ನು ಶಾಲೆಯ ಬೆಂಬಲದಿಂದ ಸ್ವಯಂ ವ್ಯಾಸಂಗ ಮಾಡಿ ಪರೀಕ್ಷೆಗೆ ಕೂಡಲು ಅವಕಾಶವಿದೆ. ಕನ್ನಡದ ಮಗುವಿಗೆ ಈ ಬೆಂಬಲವನ್ನು ಯಾರು ನೀಡುವರು, ವಾರಕ್ಕೆ ಎಷ್ಟು ಗಂಟೆ ನೀಡುವರು, ಹಿಂದೆ ಯಾರಾದರೂ ಹೀಗೆ ಓದಿದ್ದುಂಟೆ ಎಂಬುದನ್ನು ಪೋಷಕರು ಶುಲ್ಕ ಕಟ್ಟುವುದಕ್ಕೆ ಮೊದಲೇ ಪ್ರಾಂಶುಪಾಲರಿಂದ ಬರಹದಲ್ಲಿ ಪಡೆಯಬಹುದು.