ಫೈಬರ್ ಬಾಗಿಲಿಗೆ ಬಂತು, ಒಳಮನೆಗೆ ಬಂತೇ?

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಂಥ ಹೋಬಳಿ ಊರುಗಳಲ್ಲಿ ಇಂಟರ್‌ನೆಟ್ ಎಂದರೆ ಬಹುಕಾಲ ಮೊಬೈಲ್ ಸಿಗ್ನಲ್ ಮಾತ್ರ. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಕೂತರು. 2021ರಲ್ಲಿ ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಿಂದ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಕೂಗೂ ಎದ್ದಿತು. ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟ, ಆಮೇಲೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಗುರಿ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವುದಾಗಿತ್ತು. ಈಗ ಕಂಬದಿಂದ ಕಂಬಕ್ಕೆ ಹಾಯುತ್ತಾ ಆ ಎಳೆ ಹಳ್ಳಿಮನೆಗಳ ಜಗಲಿಗೂ ಬರುತ್ತಿದೆ.

ಸಂಪರ್ಕ ಕೊಡುವವರ ಕೆಲಸ ಸಾಮಾನ್ಯವಾಗಿ ಗೋಡೆಗೆ ಮೋಡೆಮ್ ಸಿಕ್ಕಿಸುವಲ್ಲಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ನಡುಮನೆ, ಅಟ್ಟ, ಮಕ್ಕಳ ಓದುವ ಕೋಣೆ, ಕೊಟ್ಟಿಗೆಯ ಕ್ಯಾಮೆರಾ ಇವೆಲ್ಲ ಮನೆಯವರ ಹೊಣೆ. ಇಷ್ಟು ವರ್ಷ ಕಾದು ಪಡೆದ ವೇಗ ಮನೆಯೊಳಗೆ ಪೋಲಾಗಬಾರದು. ಅದಕ್ಕೆ ಅಡ್ಡ ಬರುವ ಕೆಲವು ತಪ್ಪು ತಿಳಿವಳಿಕೆಗಳನ್ನು ಇಲ್ಲಿ ನೋಡೋಣ.

ತಪ್ಪು ಕಲ್ಪನೆ 1: ಫೈಬರ್ ಹಾಕಿಸಿದರೆ ಮನೆಯ ಮೂಲೆಮೂಲೆಗೂ ಒಂದೇ ವೇಗ.

ಸತ್ಯ: ಫೈಬರ್ ಬರುವುದು ಮೋಡೆಮ್‌ವರೆಗೆ ಮಾತ್ರ. ಅಲ್ಲಿಂದ ಮೊಬೈಲ್‌ಗೆ ಬರುವುದು ವೈಫೈ, ಅಂದರೆ ರೇಡಿಯೊ ಅಲೆ. ಅದು ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಜ್ ಎಂಬ ಎರಡು ಪಟ್ಟಿಗಳಲ್ಲಿ ಹೊರಡುತ್ತದೆ. 5ರದ್ದು ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. 2.4ರದ್ದು ದೂರ ಹೋಗುತ್ತದೆ, ವೇಗ ಕಡಿಮೆ. ನಮ್ಮ ಕಡೆಯ ಹಳೆ ಮನೆಗಳದ್ದು ದಪ್ಪ ಮಣ್ಣಿನ ಗೋಡೆ, ಇಲ್ಲವೇ ಜಂಬಿಟ್ಟಿಗೆ ಗೋಡೆ. ಮಳೆಗಾಲದಲ್ಲಿ ಅವು ತೇವ ಹೀರಿಕೊಂಡಾಗ ಅಲೆಯನ್ನು ಇನ್ನಷ್ಟು ತಡೆಯುತ್ತವೆ. ಜಗಲಿಯಲ್ಲಿ 100 ಎಂಬಿಪಿಎಸ್ ತೋರಿಸಿದ ಮೊಬೈಲು ಎರಡು ಗೋಡೆ ದಾಟಿ ಅಡುಗೆಮನೆಗೆ ಬರುವಷ್ಟರಲ್ಲಿ ತೆವಳಿದರೆ ಅದು ಫೈಬರಿನ ದೋಷವಲ್ಲ.

ತಪ್ಪು ಕಲ್ಪನೆ 2: ಸಿಗ್ನಲ್ ಸಿಗದಿದ್ದರೆ ಒಂದು ಎಕ್ಸ್‌ಟೆಂಡರ್ ತಂದರಾಯಿತು.

ಸತ್ಯ: ಸಾಧಾರಣ ಎಕ್ಸ್‌ಟೆಂಡರ್ ತನಗೆ ಬಂದ ಸಿಗ್ನಲ್ಲನ್ನು ಅದೇ ರೇಡಿಯೊದಲ್ಲಿ ಹಿಡಿದು, ಅದೇ ರೇಡಿಯೊದಲ್ಲಿ ಮರಳಿ ಬಿಡುತ್ತದೆ. ಹಾಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸಿಗ್ನಲ್ ಸಿಗದ ಕೋಣೆಯಲ್ಲೇ ಅದನ್ನು ಇಟ್ಟರಂತೂ ಹರಡಲು ಅದಕ್ಕೂ ಏನೂ ಸಿಗುವುದಿಲ್ಲ. ಮೋಡೆಮ್‌ನಿಂದ ಒಳಕೋಣೆಗೆ ಒಂದು ನೆಟ್‌ವರ್ಕ್ ಕೇಬಲ್ ಎಳೆದು, ಅದರ ತುದಿಗೆ ಇನ್ನೊಂದು ವೈಫೈ ಪೆಟ್ಟಿಗೆಯನ್ನು ಆಕ್ಸೆಸ್ ಪಾಯಿಂಟ್ ಆಗಿ ಜೋಡಿಸುವುದೇ ಗಟ್ಟಿ ದಾರಿ. ಟಿವಿ, ಕಂಪ್ಯೂಟರ್‌ಗಳಂತೆ ಕೂತಲ್ಲೇ ಕೂತಿರುವ ಸಾಧನಗಳಿಗೆ ನೇರ ಕೇಬಲ್ ಕೊಟ್ಟರೆ ಕೈಯಲ್ಲಿ ಓಡಾಡುವ ಮೊಬೈಲುಗಳಿಗೆ ವೈಫೈ ಬಿಡುವಾಗುತ್ತದೆ.

ತಪ್ಪು ಕಲ್ಪನೆ 3: ಕೇಬಲ್‌ನ ನಂಬರ್ ದೊಡ್ಡದಾದಷ್ಟೂ ನೆಟ್ ಜೋರು.

ಸತ್ಯ: ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಒಯ್ಯುತ್ತದೆ. ಕ್ಯಾಟ್ 6 ಸುಮಾರು 55 ಮೀಟರ್‌ವರೆಗೆ 10 ಗಿಗಾಬಿಟ್ ಒಯ್ಯಬಲ್ಲದು. ಹೊಸದಾಗಿ ಗೋಡೆಯೊಳಗೆ ಹಾಕುವವರಿಗೆ ಕ್ಯಾಟ್ 6 ಧಾರಾಳ ಸಾಕು. ಕ್ಯಾಟ್ 8 ಇರುವುದು ಡೇಟಾ ಸೆಂಟರ್‌ಗಳ 30 ಮೀಟರ್ ಒಳಗಿನ ಕೆಲಸಕ್ಕೆ; ಮನೆಗೆ ಅದು ದಂಡ.

ನಂಬರಿಗಿಂತ ಮುಖ್ಯ ಒಳಗಿನ ಲೋಹ. ಅಗ್ಗದ ಕೇಬಲ್‌ಗಳಲ್ಲಿ ಎಷ್ಟೋ ಅಲ್ಯೂಮಿನಿಯಂ ತಂತಿಗೆ ಮೇಲೊಂದು ತಾಮ್ರದ ಲೇಪ ಬಳಿದಂಥವು. ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು: ತುದಿಯ ಒಂದು ಎಳೆಯ ಪ್ಲಾಸ್ಟಿಕ್ ಸುಲಿದು, ಬ್ಲೇಡಿನಿಂದ ತಂತಿಯನ್ನು ಮೆಲ್ಲಗೆ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಕಂಡರೆ ಲೇಪ. ಲೇಪದ ತಂತಿ ನಾಲ್ಕು ಸಲ ಬಾಗಿಸಿದರೆ ತುಂಡಾಗುತ್ತದೆ. ಅದರ ಮೂಲಕವೇ ಕರೆಂಟ್ ಪಡೆಯುವ ಕ್ಯಾಮೆರಾ ದೂರದಲ್ಲಿದ್ದರೆ ವೋಲ್ಟೇಜ್ ಸಾಲದೆ ನಿಂತುಬಿಡುತ್ತದೆ. ಹೊರಗೆ ಎಳೆಯುವುದಾದರೆ ಬಿಸಿಲು ಮಳೆ ತಡೆಯುವ ಕಪ್ಪು ಹೊದಿಕೆಯ ಕೇಬಲ್ಲನ್ನೇ ಕೇಳಿ. ಒಳಾಂಗಣದ ಕೇಬಲ್ ಬಿಸಿಲಿಗೆ ಬಿರಿದು ನೀರು ಕುಡಿಯುತ್ತದೆ.

ತಪ್ಪು ಕಲ್ಪನೆ 4: 300 ಎಂಬಿಪಿಎಸ್ ಪ್ಲಾನ್‌ಗೆ ದುಡ್ಡು ಕಟ್ಟಿ 95 ಬಂದರೆ ಕಂಪನಿಯವರದೇ ಮೋಸ.

ಸತ್ಯ: 95ರ ಆಸುಪಾಸಿನಲ್ಲೇ ವೇಗ ನಿಂತುಹೋದರೆ ಮೊದಲು ನಿಮ್ಮ ಕೇಬಲ್ ನೋಡಿ. ನೆಟ್‌ವರ್ಕ್ ಕೇಬಲ್‌ನಲ್ಲಿ ಎಂಟು ಎಳೆ, ಹೆಣೆದ ನಾಲ್ಕು ಜೋಡಿ. 100 ಎಂಬಿಪಿಎಸ್ ಸಂಪರ್ಕಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಪ್ಲಗ್ ಕಟ್ಟುವಾಗ ನೀಲಿಯದೋ ಕಂದಿನದೋ ಒಂದು ಎಳೆ ಲೋಹದ ಹಲ್ಲಿಗೆ ತಾಗದೆ ಉಳಿದರೂ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಪ್ಲಗ್ ಒತ್ತುವ ಮುಂಚೆ ಅದರ ಪಾರದರ್ಶಕ ತುದಿಯಿಂದ ನೋಡಿದರೆ ಎಂಟೂ ಎಳೆಗಳ ತುದಿ ಸಾಲಾಗಿ ಕಾಣಬೇಕು. ಬಣ್ಣದ ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಕೇಬಲ್ ಸರಿಯಿದ್ದರೆ ಮೋಡೆಮ್ಮಿನ ಪೋರ್ಟ್ ನೋಡಿ. ಅಗ್ಗದ ಪೆಟ್ಟಿಗೆಗಳಲ್ಲಿ ಕೆಲವು ಪೋರ್ಟ್‌ಗಳು 100ರವೇ ಇರುತ್ತವೆ.

ಇನ್ನೊಂದು ಗೊಂದಲವೂ ಇದೆ. ಪ್ಲಾನ್ ಹೇಳುವುದು ಮೆಗಾಬಿಟ್ ಲೆಕ್ಕ, ಡೌನ್‌ಲೋಡ್ ಪರದೆ ಬಹುಮಟ್ಟಿಗೆ ತೋರಿಸುವುದು ಮೆಗಾಬೈಟ್ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದಮೇಲೆ 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್, ಅಷ್ಟು ಬಂದರೆ ಯಾರೂ ಮೋಸ ಮಾಡಿಲ್ಲ.

ತಪ್ಪು ಕಲ್ಪನೆ 5: ಕರೆಂಟ್ ವೈರಿನ ಪೈಪಿನಲ್ಲೇ ನೆಟ್ ಕೇಬಲ್ಲನ್ನೂ ತೂರಿಸಬಹುದು.

ಸತ್ಯ: ಖಂಡಿತ ಬೇಡ. 230 ವೋಲ್ಟ್‌ನ ವೈರಿನ ಹೊದಿಕೆ ಎಲ್ಲಾದರೂ ಸವೆದರೆ ಆ ಕರೆಂಟ್ ನೇರ ಕಂಪ್ಯೂಟರಿಗೆ, ಮುಟ್ಟಿದವರ ಕೈಗೆ ಬರುತ್ತದೆ. ನೆಟ್ ಕೇಬಲ್‌ಗೆ ಬೇರೆಯೇ ಪೈಪ್ ಇರಲಿ, ಎರಡರ ನಡುವೆ ಒಂದಡಿ ಅಂತರವಿರಲಿ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ, ಜೊತೆಜೊತೆಗೆ ಓಡಿಸಬೇಡಿ. ಎಲ್ಲ ಕೋಣೆಗಳ ಕೇಬಲ್‌ಗಳೂ ಮೋಡೆಮ್ ಇರುವ ಒಂದೇ ಜಾಗಕ್ಕೆ ಬಂದು ಸೇರಲಿ. ಒಂದು ಪೋರ್ಟನ್ನು ಹಲವು ಕೇಬಲ್‌ಗಳಿಗೆ ಹಂಚುವ ಗಿಗಾಬಿಟ್ ಸ್ವಿಚ್ ಅಲ್ಲಿಟ್ಟರೆ ಪೋರ್ಟ್ ಸಾಲದು ಎಂಬ ಮಾತಿಲ್ಲ.

ತಪ್ಪು ಕಲ್ಪನೆ 6: ಫೈಬರ್ ಗಾಜಿನದು, ಸಿಡಿಲಿನ ಭಯವಿಲ್ಲ.

ಸತ್ಯ: ಗಾಜಿನ ಎಳೆ ವಿದ್ಯುತ್ ಒಯ್ಯುವುದಿಲ್ಲ ಎಂಬುದು ನಿಜ. ಆದರೆ ಕಂಬದಿಂದ ಮನೆಗೆ ಬರುವ ಫೈಬರ್ ಕೇಬಲ್‌ಗೆ ಜೋತು ಬೀಳದಂತೆ ಉಕ್ಕಿನ ತಂತಿ ಸೇರಿಸಿರುವುದುಂಟು. ಅದನ್ನು ಹೊರಗೋಡೆಯಲ್ಲೇ ಬೇರ್ಪಡಿಸಿ ನಿಲ್ಲಿಸಬೇಕು. ಮೋಡೆಮ್ಮಿನ ಅಡಾಪ್ಟರ್ ಮೂಲಕ ಕರೆಂಟ್ ಲೈನಿನ ಹೊಡೆತವೂ ಬರುತ್ತದೆ. ಎಲ್ಲಕ್ಕಿಂತ ಅಪಾಯ ಮನೆಯಿಂದ ಕೊಟ್ಟಿಗೆಗೋ ಅಡಿಕೆ ಅಂಗಳಕ್ಕೋ ಬಯಲಲ್ಲಿ ಎಳೆದ ತಾಮ್ರದ ನೆಟ್ ಕೇಬಲ್. ಹತ್ತಿರ ಸಿಡಿಲು ಬಿದ್ದರೆ ಅದರ ಎರಡೂ ತುದಿಯ ಸಾಧನಗಳು ಸುಡಬಹುದು. ಕಟ್ಟಡದಿಂದ ಕಟ್ಟಡಕ್ಕೆ ಲೋಹವಿಲ್ಲದ ಫೈಬರನ್ನೇ ಎಳೆದು, ಎರಡೂ ತುದಿಗೆ ಫೈಬರನ್ನು ನೆಟ್ ಕೇಬಲ್‌ಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಹಾಕಿಸಿ. 100 ಮೀಟರ್ ಮೀರಿದ ದೂರಕ್ಕೂ ಇದೇ ಮದ್ದು. ಏಪ್ರಿಲ್-ಮೇ ತಿಂಗಳ ಗುಡುಗು ಶುರುವಾಗುವ ಮುಂಚೆಯೇ ಅಡಾಪ್ಟರ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು.

ತಪ್ಪು ಕಲ್ಪನೆ 7: ಕರೆಂಟ್ ಹೋದರೆ ನೆಟ್ ಕೂಡ ಹೋದಂತೆ.

ಸತ್ಯ: ಮನೆಗಳಿಗೆ ಕೊಡುವ ಫೈಬರ್ ವ್ಯವಸ್ಥೆಯಲ್ಲಿ ಒಂದು ಎಳೆಯ ಬೆಳಕನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಎಕ್ಸ್‌ಚೇಂಜ್ ಕಡೆಯ ಉಪಕರಣಕ್ಕೆ ಬ್ಯಾಟರಿ ಇದ್ದು, ನಿಮ್ಮ ಮೋಡೆಮ್‌ಗೂ ಕರೆಂಟ್ ಸಿಕ್ಕರೆ ನೆಟ್ ನಡೆಯುತ್ತದೆ. ಹೆಚ್ಚಿನ ಮೋಡೆಮ್‌ಗಳು 12 ವೋಲ್ಟ್‌ನವು. ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿ ಅದಕ್ಕೆ ಹೊಂದುವ ಮಿನಿ ಯುಪಿಎಸ್ ತನ್ನಿ. ಒಳಕೋಣೆಯ ಆಕ್ಸೆಸ್ ಪಾಯಿಂಟ್‌ಗೂ ಸ್ವಿಚ್‌ಗೂ ಬ್ಯಾಟರಿ ಬೇಕೆಂಬುದನ್ನು ಮರೆಯಬೇಡಿ.

ತಪ್ಪು ಕಲ್ಪನೆ 8: ಉಳಿದ ಫೈಬರನ್ನು ಮಡಚಿ ಮೊಳೆಗೆ ಸಿಕ್ಕಿಸಿಡಬಹುದು.

ಸತ್ಯ: ಬೆಳಕು ಹರಿಯುವ ಗಾಜಿನ ತಿರುಳು ಬರೀ 9 ಮೈಕ್ರಾನ್. ತೀರಾ ಬಾಗಿದಲ್ಲಿ ಬೆಳಕು ಹೊರಗೆ ಸೋರಿ, ಮೋಡೆಮ್‌ನಲ್ಲಿ ಕೆಂಪು ದೀಪ ಉರಿಯುತ್ತದೆ. ಬಳೆಗಿಂತ ಚಿಕ್ಕ ಸುತ್ತು ಬೇಡ. ಇಲಿ ಓಡಾಡುವ ಅಟ್ಟದಲ್ಲಿ ಪೈಪಿನೊಳಗೇ ಎಳೆಯಿರಿ. ಕಿತ್ತ ಫೈಬರ್ ತುದಿಯನ್ನು ಕಣ್ಣಿಟ್ಟು ನೋಡಬೇಡಿ. ಕಣ್ಣಿಗೆ ಕಾಣದ ಲೇಸರ್ ಬೆಳಕು ಅದರಲ್ಲಿರುತ್ತದೆ.

ಮನೆ ಕಟ್ಟಿಸುತ್ತಿದ್ದೀರಾ? ಹೆಂಚು ತೆಗೆಸಿ ತಾರಸಿ ಹಾಕಿಸುತ್ತಿದ್ದೀರಾ? ಗಿಲಾವು ಆಗುವ ಮುಂಚೆಯೇ ಎಲೆಕ್ಟ್ರಿಷಿಯನ್ನರನ್ನು ಕೂರಿಸಿಕೊಂಡು, ಪ್ರತಿ ಕೋಣೆಗೂ ಒಂದು ಬೇರೆ ಪೈಪು ಹಾಕಲು ಹೇಳಿ. ಅದರೊಳಗೆ ಎಳೆಯಲು ಒಂದು ಗಟ್ಟಿ ದಾರ ಬಿಡಿಸಿ. ಕೇಬಲ್ಲಿನ ಎರಡೂ ತುದಿಗೆ ಕೋಣೆಯ ಹೆಸರು ಬರೆದು ಅಂಟಿಸಿ. ಗೋಡೆ ತೆರೆದಿರುವಾಗ ಇದು ಸಣ್ಣ ಖರ್ಚು, ಬಣ್ಣ ಹೊಡೆದ ಮೇಲೆ ದೊಡ್ಡ ರಗಳೆ. ಗುಡ್ಡ ಹತ್ತಿ ಪಾಠ ಕೇಳಿದ ಮಕ್ಕಳಿಗೆ ಒಳಕೋಣೆಯಲ್ಲೇ ಕೂತು ಓದುವ ಅನುಕೂಲ ಮಾಡಿಕೊಡುವುದು ಈಗ ನಮ್ಮ ಕೈಯಲ್ಲಿದೆ. ದಯವಿಟ್ಟು ಮುಂದೂಡಬೇಡಿ.