ಉಸ್ಸೆಂದು ಹೋಗುವ ದುಡ್ಡು: ಸೋಡಾ ಅಂಗಡಿಯವರೇ, ವಾಷರು ನೋಡಿ!

ಹೊಸಪೇಟೆ: ಬಿಸಿಲು ಏರಿತೆಂದರೆ ಈ ಊರಲ್ಲಿ ಎರಡು ವ್ಯಾಪಾರಕ್ಕೆ ಸುಗ್ಗಿ. ಒಂದು ಕಬ್ಬಿನ ಹಾಲು, ಇನ್ನೊಂದು ಸೋಡಾ. ಕಂಪ್ಲಿ ಬಸ್ಸಿಗೆ ಕಾದು ಬೆವರಿದವನು, ಸಂಡೂರಿನ ಕೆಂಪು ಧೂಳು ಮೈಮೇಲೆ ಹೊತ್ತು ಬಂದವನು, ಹಂಪಿಯ ಬಂಡೆ ಹತ್ತಿ ಇಳಿದು ನಾಲಿಗೆ ಒಣಗಿಸಿಕೊಂಡವನು, ಎಲ್ಲರಿಗೂ ಬೇಕಾದದ್ದು ಒಂದು ನಿಂಬೆ ಸೋಡಾ. ಆದರೆ ಗಿರಾಕಿಯ ಹೊಟ್ಟೆಗೆ ಹೋಗಬೇಕಾದ ಗ್ಯಾಸು ಅಂಗಡಿಯ ಗಾಳಿಗೇ ಹೋಗಿಬಿಟ್ಟರೆ?

"ಸಿಲಿಂಡರು ತಂದು ವಾರ ಆಗಿಲ್ರಿ, ಆಗಲೇ ಖಾಲಿ. ಗ್ಯಾಸಿನವ್ನು ಕಮ್ಮಿ ತುಂಬ್ಯಾನ." ಸೋಡಾ ವ್ಯಾಪಾರದಲ್ಲಿ ಇದು ಹಳೇ ದೂರು. ಕಮ್ಮಿ ತುಂಬಿದ್ದರೂ ತುಂಬಿರಬಹುದು. ಅದನ್ನು ಪತ್ತೆ ಮಾಡೋದು ಸುಲಭ: ಬರಿ ಸಿಲಿಂಡರಿನ ತೂಕ ಅದರ ಹೆಗಲ ಮೇಲೆ ಅಚ್ಚೊತ್ತಿರುತ್ತದೆ. ತಂದ ದಿನವೇ ತಕ್ಕಡಿಗೆ ಹಾಕಿ, ಆ ತೂಕ ಕಳೆಯಿರಿ, ಉಳಿದದ್ದು ಗ್ಯಾಸು. ಮೀಟರಿನ ಮುಳ್ಳು ನೋಡಿ ಲೆಕ್ಕ ಹಾಕುವವರು ಮೋಸ ಹೋಗುತ್ತಾರೆ. ಇಂಗಾಲದ ಡೈಆಕ್ಸೈಡು ಸಿಲಿಂಡರಿನಲ್ಲಿ ದ್ರವವಾಗಿರುವವರೆಗೆ ಮುಳ್ಳು ತೋರಿಸುವುದು ಹವೆಯ ಬಿಸಿಯನ್ನೇ ಹೊರತು ಗ್ಯಾಸಿನ ಪ್ರಮಾಣವನ್ನಲ್ಲ. ತುಂಬಿದ್ದರೂ ಅಷ್ಟೇ, ಕಾಲು ಭಾಗ ಉಳಿದಿದ್ದರೂ ಅಷ್ಟೇ. ಮುಳ್ಳು ದಬಕ್ಕನೆ ಬಿತ್ತೆಂದರೆ ಕಥೆ ಮುಗಿಯುತ್ತಾ ಬಂದಿದೆ ಅಂತ.

ತೂಕ ಸರಿಯಿದ್ದೂ ಬೇಗ ಖಾಲಿಯಾದರೆ ಕಳ್ಳ ನಿಮ್ಮ ಅಂಗಡಿಯಲ್ಲೇ ಇದ್ದಾನೆ.

ಕಳ್ಳನನ್ನು ಹಿಡಿಯುವ ಬಗೆ

ರಾತ್ರಿ ವ್ಯಾಪಾರ ಮುಗಿದ ಮೇಲೆ ಮಷಿನಿನ ನಲ್ಲಿ ಬಂದ್ ಮಾಡಿ, ಆಮೇಲೆ ಸಿಲಿಂಡರಿನ ವಾಲ್ವು ಬಂದ್ ಮಾಡಿ. ಮುಳ್ಳು ಎಲ್ಲಿದೆ ಎಂದು ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಬರೆದಿಡಿ. ಬೆಳಿಗ್ಗೆ ನೋಡಿ. ರಾತ್ರಿ ತಂಪಿಗೆ ಒಂದಿಷ್ಟು ಇಳಿಯುವುದು ಸಹಜ. ಸೊನ್ನೆಗೆ ಬಂದಿದ್ದರೆ ಸಿಲಿಂಡರಿನ ಬಾಯಿಂದ ನಲ್ಲಿಯವರೆಗೆ ಎಲ್ಲೋ ಸೋರುತ್ತಿದೆ. ಇಳಿಯದಿದ್ದರೆ ತಪ್ಪು ಮಷಿನಿನ ಒಳಗೆ.

ಆಮೇಲೆ ಸೋಪಿನ ನೀರು. ಪಾತ್ರೆ ತೊಳೆಯುವ ಸೋಪು ಕದಡಿ, ಗಡ್ಡಕ್ಕೆ ನೊರೆ ಹಚ್ಚುವ ಬ್ರಷ್ಷಿನಿಂದ ಒಂದೊಂದೇ ಜಾಯಿಂಟಿಗೆ ಬಳಿಯಿರಿ. ವಾಲ್ವು ತೆರೆದಿರಲಿ. ದೊಡ್ಡ ಸೋರಿಕೆ ಉಸ್ಸೆಂದು ತಾನೇ ಹೇಳುತ್ತದೆ, ಕೆಲವೊಮ್ಮೆ ಅಲ್ಲಿ ಹಿಮ ಕಟ್ಟುತ್ತದೆ. ನಷ್ಟ ಮಾಡುವುದು ಸಣ್ಣದು. ಗಡಿಬಿಡಿ ಮಾಡದೆ ನೋಡುತ್ತಾ ನಿಂತರೆ ಸಾಸಿವೆಯಂಥ ಗುಳ್ಳೆ ಒಂದೊಂದಾಗಿ ಏಳುತ್ತದೆ. ರೆಗ್ಯುಲೇಟರು ಸಿಲಿಂಡರಿಗೆ ಕೂಡುವ ಜಾಗ, ಪೈಪಿನ ಎರಡೂ ತುದಿಯ ಕ್ಲಿಪ್ಪು, ವಾಲ್ವಿನ ಕಡ್ಡಿಯ ಸುತ್ತ, ಇವು ಮೊದಲ ಅನುಮಾನದ ಜಾಗಗಳು.

ಸಿಕ್ಕ ಮೇಲೆ ನಮ್ಮವರು ಮಾಡುವ ಕೆಲಸ ಒಂದೇ, ದೊಡ್ಡ ಸ್ಪ್ಯಾನರು ತಂದು ಜಗ್ಗುವುದು. ಜಗ್ಗಿದರೆ ವಾಷರು ಜಜ್ಜಿ ಹೋಗುತ್ತದೆ, ನಾಳೆ ಇನ್ನೂ ಜಾಸ್ತಿ ಸೋರುತ್ತದೆ. ಇನ್ನು ಕೆಲವರು ಮರೆಗೆ ಬಿಳಿ ಟೇಪು ಸುತ್ತುತ್ತಾರೆ. ಸಿಲಿಂಡರಿನ ಬಾಯಲ್ಲಿ ಗ್ಯಾಸು ತಡೆಯುವುದು ವಾಷರು, ಮರೆಯಲ್ಲ. ಅಲ್ಲಿ ಟೇಪು ಸುತ್ತಿ ಉಪಯೋಗ ಇಲ್ಲ. ವಾಲ್ವು ಬಂದ್ ಮಾಡಿ, ಒಳಗಿನ ಒತ್ತಡ ಬಿಟ್ಟು, ಬಿಚ್ಚಿ, ಎರಡೂ ಮುಖ ಒರೆಸಿ ಹೊಸ ವಾಷರು ಹಾಕಿ. ಸಂಡೂರು ಕಡೆಯ ಅಂಗಡಿಯವರಿಗೆ ಈ ಒರೆಸುವ ಮಾತು ಎರಡು ಸಲ ಹೇಳಬೇಕು. ಅದಿರಿನ ಒಂದು ಹರಳು ವಾಷರಿನ ಅಡಿ ಕೂತರೂ ಸಾಕು.

ವಾಷರಿನ ಮಹಿಮೆ ಗೊತ್ತಾಗಬೇಕಾದರೆ ಗೋಲಿ ಬಾಟಲಿ ನೋಡಬೇಕು. ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ 1870ರ ದಶಕದಲ್ಲಿ ಪೇಟೆಂಟು ಮಾಡಿಸಿದ್ದು. ಒಳಗಿನ ಗ್ಯಾಸೇ ಗೋಲಿಯನ್ನು ಮೇಲೆ ನೂಕಿ ಕತ್ತಿನ ರಬ್ಬರು ಬಳೆಗೆ ಒತ್ತುತ್ತದೆ. ಗ್ಯಾಸು ಜೋರಾದಷ್ಟೂ ಬಿಗಿ. ಬಳೆ ಒಣಗಿ ಬಿರುಕು ಬಿಟ್ಟರೆ ಗೋಲಿ ಏನು ಮಾಡೀತು, ಪಾಪ!

ಅಮೆರಿಕದಲ್ಲಿ 1978ರ ಕಾಯ್ದೆ ಬಂದ ಮೇಲೆ ಜನ ಮನೆಯಲ್ಲೇ ಬಿಯರು ಕಾಸಿಕೊಳ್ಳುತ್ತಾರೆ. ಅದನ್ನು ತುಂಬಿಡುವ ಸ್ಟೀಲಿನ ಡಬ್ಬ ಯಾವುದು ಗೊತ್ತೇ? ಸೋಡಾ ಕಂಪನಿಗಳು ಬಳಸಿ ಬಿಟ್ಟ ಹಳೇ ಪಾನೀಯದ ಡಬ್ಬ! ಅದೇ ಗ್ಯಾಸು, ಅದೇ ರಬ್ಬರು ಬಳೆ, ಅದೇ ಸೋಪಿನ ನೀರು, ಅದೇ ಗೋಳು. ಓದಿ ಯಾರೂ ಹುರುಪಾಗಬೇಡಿ. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆಯಿದೆ, ಲೈಸೆನ್ಸಿಲ್ಲದೆ ಮನೆಯಲ್ಲಿ ಬಿಯರು ಮಾಡಿದರೆ ಸೋರಿಕೆ ನೋಡಲು ಅಬಕಾರಿಯವರೇ ಬರುತ್ತಾರೆ.

ಇನ್ನೊಂದು ಮಾತು. ಸೋಡಾ ಸಪ್ಪೆಯಾದಾಗಲೆಲ್ಲ ಸೋರಿಕೆಯೆಂದು ತಿಳಿಯಬೇಡಿ. ಐಸಿನಂಥ ನೀರು ಹಿಡಿಯುವ ಗ್ಯಾಸಿನಲ್ಲಿ ಅರ್ಧದಷ್ಟನ್ನು ಮಾತ್ರ 20 ಡಿಗ್ರಿಯ ನೀರು ಹಿಡಿಯುತ್ತದೆ. ಏಪ್ರಿಲಿನಲ್ಲಿ ನಮ್ಮ ನಲ್ಲಿ ನೀರಿನ ಬಿಸಿ ಎಲ್ಲರಿಗೂ ಗೊತ್ತು. ನೀರು ತಣಿಸಿ ತುಂಬಿ.

ದುಡ್ಡಷ್ಟೇ ಅಲ್ಲ, ಜೀವ

ಅಡುಗೆ ಗ್ಯಾಸು ಸೋರಿದರೆ ನಾತ ಬರುತ್ತದೆ, ಬೇಕೆಂದೇ ನಾತ ಬೆರೆಸಿರುತ್ತಾರೆ. ಸೋಡಾ ಗ್ಯಾಸಿಗೆ ನಾತವಿಲ್ಲ, ಬಣ್ಣವಿಲ್ಲ. ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲಕ್ಕೆ ಕೂರುತ್ತದೆ. ಕ್ಯಾಮರೂನ್ ದೇಶದ ನಿಯೋಸ್ ಕೆರೆಯಿಂದ 1986ರ ಆಗಸ್ಟಿನ ಒಂದು ರಾತ್ರಿ ಇದೇ ಗ್ಯಾಸು ಉಕ್ಕಿ ತಗ್ಗಿನ ಊರುಗಳಿಗೆ ಹರಿದು ಸುಮಾರು 1,700 ಜನ ಸತ್ತರು.

ನಮ್ಮ ಅಂಗಡಿಯ ಲೆಕ್ಕ ಹಾಕೋಣ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಮಳಿಗೆಯಲ್ಲಿ ಸುಮಾರು 28,000 ಲೀಟರು ಗಾಳಿ. ಒಂದು ಕೆ.ಜಿ. ಗ್ಯಾಸು ಹೊರಬಂದರೆ 500 ಲೀಟರಿಗೂ ಮಿಕ್ಕಿ ಹರಡುತ್ತದೆ. ಶಟರು ಎಳೆದ ಅಂಗಡಿಯಲ್ಲಿ ರಾತ್ರಿಯೆಲ್ಲ 5 ಕೆ.ಜಿ. ಸೋರಿತು ಅನ್ನಿ, ಗಾಳಿಯಲ್ಲಿ ಹತ್ತಕ್ಕೆ ಒಂದು ಪಾಲು ಅದೇ ಆಗುತ್ತದೆ. ಅಷ್ಟಿದ್ದರೆ ಮನುಷ್ಯ ನಿಮಿಷಗಳಲ್ಲಿ ಎಚ್ಚರ ತಪ್ಪುತ್ತಾನೆ. ಕೆಳಗೆ ಚಾಪೆ ಹಾಸಿ ಮಲಗಿದ್ದವನು ಕೆಲಸದ ಹುಡುಗನಾದರೆ? ಬೆಳಿಗ್ಗೆ "ಏ ತಮ್ಮಾ, ಏಳೋ" ಎಂದರೆ ಏಳಬೇಕಲ್ಲ! ಸಿಲಿಂಡರಿಟ್ಟ ಕೋಣೆಯಲ್ಲಿ ಯಾರನ್ನೂ ಮಲಗಿಸಬೇಡಿ. ರಾತ್ರಿ ವಾಲ್ವು ಬಂದ್ ಇರಲೇಬೇಕು. ನೆಲದ ಮಟ್ಟದಲ್ಲಿ ಗಾಳಿ ಹೋಗಲು ಒಂದು ಜಾಲರಿ ಬಿಡಿಸಿ.

ಹಂಪಿ ತೇರಿಗೆ ಅಂಗಡಿ ಹೂಡುವವರು ಸಿಲಿಂಡರನ್ನು ಬಿಸಿಲಿಗೆ ಬಿಡಬಾರದು. 31 ಡಿಗ್ರಿ ದಾಟಿದರೆ ಒಳಗಿನ ದ್ರವ ದ್ರವವಾಗಿ ಉಳಿಯುವುದಿಲ್ಲ. 40 ಡಿಗ್ರಿಗೆ ತುಂಬಿದ ಸಿಲಿಂಡರಿನ ಒತ್ತಡ ಚದರ ಸೆಂಟಿಮೀಟರಿಗೆ 100 ಕೆ.ಜಿ. ದಾಟುತ್ತದೆ. ನೆರಳಲ್ಲಿ, ನೆಟ್ಟಗೆ, ಸರಪಳಿ ಕಟ್ಟಿ ನಿಲ್ಲಿಸಿ. ಮಲಗಿಸಿ ತೆರೆದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಅದನ್ನು ಕೆಡಿಸುತ್ತದೆ.

ಬೆಳಿಗ್ಗೆ ಬಾಗಿಲು ತೆರೆದಾಗ ಉಸ್ಸೆಂಬ ಸದ್ದು ಕೇಳಿದರೆ, ಅಥವಾ ಒಳಗೆ ಯಾರಾದರೂ ಬಿದ್ದಿದ್ದರೆ, ತಲೆ ತಗ್ಗಿಸಿ ಒಳಕ್ಕೆ ನುಗ್ಗಬೇಡಿ, ನೀವೂ ಅಲ್ಲೇ ಬೀಳುತ್ತೀರಿ. ಶಟರು ಪೂರಾ ಎತ್ತಿ, ಹಿಂಬಾಗಿಲಿದ್ದರೆ ಹೊರಗಿನಿಂದ ತೆಗೆಸಿ, ಗಾಳಿ ಆಡಲು ಬಿಡಿ. 108ಕ್ಕೆ ಫೋನು ಮಾಡಿ, ಅಗ್ನಿಶಾಮಕದವರನ್ನೂ ಕರೆಸಿ.