ಬಿಸಿ ಆರುವ ಮುನ್ನ ಬಿರುಕಿಗಿಳಿದ ಬೈರಿಗೆ

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯಾಚೆ ಸಂಭವಿಸಿದ ಭೂಕಂಪದ ಪರಿಮಾಣ 9. ಅದು ಭೂವಿಜ್ಞಾನಿಗಳ ಒಂದು ನಂಬಿಕೆಯನ್ನೂ ಬುಡಮೇಲು ಮಾಡಿತು. ಅಲ್ಲಿ ಪೆಸಿಫಿಕ್ ಫಲಕ ಜಪಾನಿನ ಅಡಿಗೆ ನುಗ್ಗುತ್ತಿದೆ. ಎರಡು ಫಲಕಗಳ ನಡುವಿನ ಬಿರುಕು ಸಮುದ್ರತಳಕ್ಕೆ ಹತ್ತಿರವಾಗುವ ಕಡೆ ಮಣ್ಣು ಮೆದು. ಆಳದಲ್ಲಿ ಶುರುವಾದ ಜಾರಿಕೆ ಅಲ್ಲಿಗೆ ತಲುಪುವಷ್ಟರಲ್ಲಿ ತಣ್ಣಗಾಗುತ್ತದೆ ಎಂದೇ ಬಹುಪಾಲು ತಜ್ಞರು ತಿಳಿದಿದ್ದರು. ಆದದ್ದು ತದ್ವಿರುದ್ಧ. ಫಲಕಗಳು ಸಂಧಿಸುವ ಸಮುದ್ರತಳದ ಕಂದಕದ ಅಂಚಿನಲ್ಲೇ ಬಿರುಕು ಸುಮಾರು 50 ಮೀಟರ್ ಜಾರಿತು. ಸುನಾಮಿ ಅಷ್ಟು ಎತ್ತರಕ್ಕೆದ್ದದ್ದು ಅದರಿಂದಲೇ.

ಯಾಕೆ ಹೀಗಾಯಿತು? ಬಿರುಕಿನವರೆಗೆ ಕೊರೆದು ನೋಡಬೇಕಿತ್ತು, ಅದೂ ತಡಮಾಡದೆ. ಫಲಕಗಳು ಉಜ್ಜಿದಾಗ ಹುಟ್ಟುವ ಶಾಖ ಎಷ್ಟೆಂದು ತಿಳಿದರೆ ಘರ್ಷಣೆಯನ್ನು ಲೆಕ್ಕ ಹಾಕಬಹುದು. ಕೆಲವು ವರ್ಷ ಕಳೆದರೆ ಆ ಶಾಖ ಸುತ್ತಲೂ ಹರಡಿ ಅಳತೆಗೆ ಸಿಗದು.

2012ರ ಏಪ್ರಿಲ್‌ನಲ್ಲಿ ಸಮುದ್ರತಳ ಕೊರೆಯುವ, 210 ಮೀಟರ್ ಉದ್ದದ ಚಿಕ್ಯೂ ಎಂಬ ಹಡಗು ಹೊರಟಿತು. ಕೊರೆಯಬೇಕಾದ ಜಾಗದಲ್ಲಿ ನೀರಿನ ಆಳವೇ ಸುಮಾರು 6,900 ಮೀಟರ್. ಲಂಗರು ಹಾಕುವ ಮಾತೇ ಇಲ್ಲ. ಕಂಪ್ಯೂಟರ್ ನಿಯಂತ್ರಿಸುವ ಪ್ರೊಪೆಲ್ಲರ್‌ಗಳೇ ಹಡಗನ್ನು ಕದಲದಂತೆ ಹಿಡಿದಿಡಬೇಕು. ಪೈಪಿಗೆ ಪೈಪು ಜೋಡಿಸುತ್ತ ತಳ ಮುಟ್ಟಿ, ಅಲ್ಲಿಂದ ಕೆಳಗೆ ಮತ್ತೆ 850 ಮೀಟರ್ ಕೊರೆದರು. ಸುಮಾರು 820 ಮೀಟರ್ ಆಳದಲ್ಲಿ ಫಲಕಗಳ ಗಡಿ ಸಿಕ್ಕಿತು.

ಮೇಲೆ ಬಂದದ್ದು ಬಂಡೆಯಲ್ಲ, ಜೇಡಿಮಣ್ಣು. ಹುರುಪೆ ಹುರುಪೆಯಾಗಿ ಏಳುವ, ಉಜ್ಜಿದ ಮೈ ನುಣ್ಣಗೆ ಹೊಳೆಯುವ ಮಣ್ಣು. ಅದರ ಮುಕ್ಕಾಲು ಪಾಲು, ನೀರು ಹೀರಿ ಉಬ್ಬುವ ಸ್ಮೆಕ್ಟೈಟ್ ಎಂಬ ಖನಿಜ. ಉತ್ತರ ಕರ್ನಾಟಕದ ಎರೆಭೂಮಿ ಬೇಸಿಗೆಯಲ್ಲಿ ಬಾಯಿ ಬಿಡುವುದಕ್ಕೂ ಮಳೆಗಾಲದಲ್ಲಿ ಕಾಲು ಜಾರಿಸುವುದಕ್ಕೂ ಇದೇ ಗುಂಪಿನ ಖನಿಜ ಕಾರಣ. ಅಷ್ಟು ದೊಡ್ಡ ಭೂಕಂಪ ಹಾದುಹೋದ ಈ ಪದರದ ದಪ್ಪ 5 ಮೀಟರಿಗೂ ಕಡಿಮೆ!

ಜುಲೈನಲ್ಲಿ ಬಾವಿಯೊಳಗೆ 55 ತಾಪಮಾಪಕಗಳ ಸರವನ್ನು ಇಳಿಬಿಟ್ಟರು. ಒಂಬತ್ತು ತಿಂಗಳ ನಂತರ ಕೈಕೊ ಎಂಬ ರೋಬಾಟ್ ಸಮುದ್ರತಳಕ್ಕಿಳಿದು ಅದನ್ನು ಎಳೆದು ತಂದಿತು. ಬಿರುಕಿನ ಬಳಿ ಉಳಿದಿದ್ದ ಹೆಚ್ಚುವರಿ ಬಿಸಿ ಬರೀ 0.31 ಡಿಗ್ರಿ ಸೆಲ್ಸಿಯಸ್. ಅದರಿಂದ ಲೆಕ್ಕ ಹಾಕಿದ ಘರ್ಷಣಾಂಕ 0.08. ಸಾಮಾನ್ಯ ಬಂಡೆಗಳಲ್ಲಿ ಅದು 0.6ರಿಂದ 0.85. ಅಲ್ಲಿಗೆ ಗುಟ್ಟು ಬಯಲಾಯಿತು: ಜಾರಿಕೆಯನ್ನು ತಡೆಯುವ ಶಕ್ತಿಯೇ ಆ ಮಣ್ಣಿಗಿರಲಿಲ್ಲ.

ಮುಂದಿನ ಭೂಕಂಪ ಯಾವ ದಿನವೆಂದು ಈ ಬಾವಿ ಹೇಳದು. ಆದರೆ ಕಂದಕದ ಅಂಚು ಜಾರುವುದಿಲ್ಲವೆಂದು ನಂಬಿ ಸುನಾಮಿಯ ಎತ್ತರವನ್ನು ಅಂದಾಜು ಮಾಡುವುದು ಅಪಾಯಕಾರಿ ಎಂಬುದಂತೂ ಖಚಿತವಾಗಿದೆ. ಹೆಚ್ಚಿನ ಅಧ್ಯಯನಕ್ಕಾಗಿ 2024ರಲ್ಲಿ ಚಿಕ್ಯೂ ಮತ್ತೆ ಅದೇ ಕಂದಕಕ್ಕೆ ಹೋಗಿ ಕೊರೆದು ಬಂದಿದೆ.